ಸ್ಟಾರ್ ವಾರ್ಸ್ ಲ್ಯಾಂಡ್‌ನಲ್ಲಿ ಡಾರ್ತ್ ವೇಡರ್‌ನೇ ಇರಲಿಲ್ಲ! ಥೀಮ್ ಪಾರ್ಕ್ ಅಭಿಮಾನಿಗಳ ತಕರಾರು ಏನು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಡಿಸ್ನಿಲ್ಯಾಂಡ್‌ನಲ್ಲಿ 2019ರ ಮೇ 31ರಂದು 'ಸ್ಟಾರ್ ವಾರ್ಸ್: ಗ್ಯಾಲಕ್ಸೀಸ್ ಎಡ್ಜ್' ಬಾಗಿಲು ತೆರೆಯಿತು. 14 ಎಕರೆ ಜಾಗ, ಸುಮಾರು ನಾಲ್ಕು ವರ್ಷಗಳ ಪ್ರಚಾರ, ಮಾಧ್ಯಮಗಳ ಅಂದಾಜಿನಂತೆ ನೂರು ಕೋಟಿ ಡಾಲರ್ ಖರ್ಚು. ಆದರೆ ಒಳಗೆ ಕಾಲಿಟ್ಟ ಅನೇಕ ಅಭಿಮಾನಿಗಳು ಕೇಳಿದ್ದು ಒಂದೇ ಪ್ರಶ್ನೆ: ಡಾರ್ತ್ ವೇಡರ್ ಎಲ್ಲಿ? ಲ್ಯೂಕ್ ಸ್ಕೈವಾಕರ್ ಎಲ್ಲಿ? ಸಿನಿಮಾದ ಆ ಸಂಗೀತ ಎಲ್ಲಿ?

ಇದಕ್ಕೆ ಡಿಸ್ನಿ ನೇರ ಉತ್ತರ ಕೊಡಲು ಆರು ವರ್ಷ ಬೇಕಾಯಿತು. 2026ರ ಏಪ್ರಿಲ್ 29ರಿಂದ ಕ್ಯಾಲಿಫೋರ್ನಿಯಾದ ಈ ಲ್ಯಾಂಡ್‌ನಲ್ಲಿ ಡಾರ್ತ್ ವೇಡರ್, ಲ್ಯೂಕ್, ಲಿಯಾ, ಹಾನ್ ಸೋಲೋ ಓಡಾಡಲಿದ್ದಾರೆ, ಜಾನ್ ವಿಲಿಯಮ್ಸ್ ಅವರ ಸಂಗೀತವೂ ಕೇಳಿಸಲಿದೆ ಎಂದು ಕಂಪನಿ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಹಾಗಾದರೆ ಮೊದಲೇ ಯಾಕೆ ಇಡಲಿಲ್ಲ? ಥೀಮ್ ಪಾರ್ಕ್ ಅಭಿಮಾನಿಗಳ ವರ್ಷಗಳ ಜಗಳದ ಮೂಲ ಈ ಪ್ರಶ್ನೆಯಲ್ಲೇ ಇದೆ.

ಏನಿದು 'ಲ್ಯಾಂಡ್'?

ಜಾತ್ರೆಯ ಜಯಂಟ್ ವ್ಹೀಲ್ ಹತ್ತಲು ಯಾವ ಕಥೆಯೂ ಬೇಕಿಲ್ಲ. ಥೀಮ್ ಪಾರ್ಕ್‌ನ ಲೆಕ್ಕ ಬೇರೆ. ಅಲ್ಲಿ ಪಾರ್ಕ್ ಅನ್ನು ಹಲವು ಭಾಗಗಳಾಗಿ ವಿಂಗಡಿಸಿ ಪ್ರತಿ ಭಾಗಕ್ಕೂ ಒಂದು ಲೋಕ ಕಟ್ಟಿಕೊಡುತ್ತಾರೆ. ಇದನ್ನೇ 'ಲ್ಯಾಂಡ್' ಎನ್ನುವುದು. ರೈಡ್ ಮಾತ್ರವಲ್ಲ, ಅಂಗಡಿ, ಊಟ, ಸಿಬ್ಬಂದಿಯ ಉಡುಪು, ಬೀದಿಯ ಕಸದ ಬುಟ್ಟಿ ಕೂಡ ಆ ಕಥೆಗೆ ಹೊಂದಬೇಕು.

ಇಂದಿನ ಪೈಪೋಟಿಗೆ ಕಿಚ್ಚು ಹಚ್ಚಿದ್ದು ಹ್ಯಾರಿ ಪಾಟರ್. 2010ರ ಜೂನ್ 18ರಂದು ಫ್ಲೋರಿಡಾದ ಒರ್ಲಾಂಡೋದಲ್ಲಿ ಯೂನಿವರ್ಸಲ್ ಕಂಪನಿ ಹಾಗ್ವಾರ್ಟ್ಸ್ ಕೋಟೆ, ಹಾಗ್ಸ್‌ಮೀಡ್ ಬೀದಿಗಳನ್ನು ಸಿನಿಮಾದಲ್ಲಿ ಕಂಡಂತೆಯೇ ಕಟ್ಟಿತು. ಪುಸ್ತಕದಲ್ಲಿ ಓದಿದ್ದ ಬಟರ್‌ಬಿಯರ್ ಕುಡಿಯಲು, ಮಂತ್ರದಂಡ ಕೊಳ್ಳಲು ಜನ ಗಂಟೆಗಟ್ಟಲೆ ಸಾಲು ನಿಂತರು. ಒಂದು ಕಥೆಯ ಮೇಲೆ ಪೂರ್ತಿ ಬಂಡವಾಳ ಹೂಡಿದರೆ ಜನ ಅದಕ್ಕಾಗಿಯೇ ಪಾರ್ಕ್‌ಗೆ ಬರುತ್ತಾರೆ ಎಂಬುದು ಅಲ್ಲಿಗೆ ಖಾತ್ರಿಯಾಯಿತು.

ಯಾರೂ ಕೇಳದ ಊರು

ಡಿಸ್ನಿ 2015ರ ಆಗಸ್ಟ್‌ನಲ್ಲಿ ಸ್ಟಾರ್ ವಾರ್ಸ್ ಲ್ಯಾಂಡ್ ಪ್ರಕಟಿಸಿದಾಗ ಅಭಿಮಾನಿಗಳು ಅಂಥದ್ದನ್ನೇ ನಿರೀಕ್ಷಿಸಿದ್ದರು. ಆದರೆ ವಿನ್ಯಾಸಕರು ಹಿಡಿದ ದಾರಿ ಬೇರೆ. ಟ್ಯಾಟೂಯಿನ್‌ನಂಥ ಪರಿಚಿತ ಗ್ರಹವನ್ನು ಬಿಟ್ಟು 'ಬಟೂ' ಎಂಬ ಹೊಸ ಗ್ರಹವನ್ನು ಸೃಷ್ಟಿಸಿದರು. ಕಥೆಯ ಕಾಲವನ್ನೂ ಆಗಿನ ಹೊಸ ಸಿನಿಮಾಗಳ ನಡುವೆ ಇಟ್ಟರು. ಹೀಗಾಗಿ ಹಳೆಯ ಸಿನಿಮಾಗಳ ಬಹುತೇಕ ಹೀರೋಗಳಿಗೂ ಖಳರಿಗೂ ಅಲ್ಲಿ ಜಾಗವೇ ಇಲ್ಲದಂತಾಯಿತು. ಸಿಬ್ಬಂದಿ 'ಬ್ರೈಟ್ ಸನ್ಸ್' ಎಂದು ಸ್ವಾಗತಿಸುತ್ತಿದ್ದರು. ಬೆಲೆಯನ್ನು 'ಕ್ರೆಡಿಟ್ಸ್' ಎನ್ನುತ್ತಿದ್ದರು. ಫಲಕಗಳ ಮೇಲೆ ಸಿನಿಮಾದ ಕಾಲ್ಪನಿಕ ಲಿಪಿ ಇತ್ತು. ಹಿನ್ನೆಲೆ ಸಂಗೀತದ ಬದಲು ಸಂತೆಯ ಗದ್ದಲ, ಆಕಾಶನೌಕೆಗಳ ಸದ್ದು ಕೇಳಿಸುತ್ತಿತ್ತು.

ಇದರ ಹಿಂದೆ ತರ್ಕವಿಲ್ಲದೆ ಇರಲಿಲ್ಲ. ಪರಿಚಿತ ಊರಾದರೆ ಅಲ್ಲಿ ಏನು ನಡೆಯಿತು ಎಂಬುದು ಎಲ್ಲರಿಗೂ ಗೊತ್ತು, ಬಂದವರು ಬರೀ ಪ್ರೇಕ್ಷಕರಾಗಿ ಉಳಿಯುತ್ತಾರೆ. ಹೊಸ ಊರಾದರೆ ಎಲ್ಲರೂ ಹೊಸಬರೇ, ಪ್ರತಿಯೊಬ್ಬರೂ ತಮ್ಮದೇ ಕಥೆ ಕಟ್ಟಿಕೊಳ್ಳಬಹುದು. ಈ ವಾದವನ್ನು ಮೆಚ್ಚುವ ಅಭಿಮಾನಿಗಳು ಈಗಲೂ ಇದ್ದಾರೆ. ಕಾಲ ಬದಲಿಸಿದರೆ ಬಟೂ ಕೂಡ ಇನ್ನೊಂದು ಸಿನಿಮಾ ಸೆಟ್ ಆಗಿಬಿಡುತ್ತದೆ ಎಂಬುದು ಅವರ ಆತಂಕ.

ಎದುರು ಬಣದ ಮಾತು ಸರಳ. ಬಾಲ್ಯದಿಂದ ಲ್ಯೂಕ್‌ನನ್ನು ಕಂಡವರು ಬಟೂವಿಗೆ ಹೋಗುವ ಕನಸು ಕಂಡಿರಲಿಲ್ಲ. 2019ರ ನವೆಂಬರ್‌ನಲ್ಲಿ ಶುರುವಾದ 'ದಿ ಮ್ಯಾಂಡಲೋರಿಯನ್' ಸರಣಿಯ ಪುಟಾಣಿ ಗ್ರೋಗು ಜಗತ್ತಿನ ಮನೆಮಾತಾದರೂ ಕಾಲದ ನಿಯಮ ಅಡ್ಡ ಬಂತು. ಮ್ಯಾಂಡೋ ಮತ್ತು ಗ್ರೋಗು ಡಿಸ್ನಿಲ್ಯಾಂಡ್‌ನ ಬಟೂವಿಗೆ ಬಂದಿದ್ದು 2022ರ ನವೆಂಬರ್‌ನಲ್ಲಿ.

ಚಿತ್ರದಲ್ಲಿ ಇದ್ದದ್ದು, ಕಟ್ಟಿದಾಗ ಇಲ್ಲದ್ದು

ಎರಡನೆಯ ತಕರಾರು ಪ್ರಚಾರದ್ದು. ಇಂಥ ಲ್ಯಾಂಡ್‌ಗಳನ್ನು ಕಟ್ಟುವ ಮುನ್ನವೇ, ವರ್ಷಗಳ ಮೊದಲೇ ಪ್ರಕಟಿಸುತ್ತಾರೆ. ಆಗ ತೋರಿಸುವುದು ಕಲಾವಿದರು ಬಿಡಿಸಿದ ಚಿತ್ರ. ಅದರಲ್ಲಿ ಬೀದಿ ತುಂಬ ಪಾತ್ರಗಳು, ಓಡಾಡುವ ರೋಬೋಗಳು, ಸಾಲಿಲ್ಲದ ರೈಡ್‌ಗಳು. ಮುಂದೆ ಇಂಜಿನಿಯರಿಂಗ್, ಸುರಕ್ಷತೆ, ಬಜೆಟ್ ಎಂಬ ಜರಡಿಗಳಲ್ಲಿ ಆ ಚಿತ್ರ ಸೋಸಿ ಬರುತ್ತದೆ.

ಮೊದಲು ಕತ್ತರಿ ಬೀಳುವುದು ಸಾಮಾನ್ಯವಾಗಿ ಮನುಷ್ಯರ ಮೇಲೆ. ಗೋಡೆಗೆ ಒಮ್ಮೆ ಖರ್ಚು ಮಾಡಿದರೆ ಆಯಿತು. ಬೀದಿಯಲ್ಲಿ ಓಡಾಡುವ ಕಲಾವಿದರಿಗೆ ಪ್ರತಿದಿನ, ಪ್ರತಿ ಪಾಳಿಗೆ ಸಂಬಳ ಕೊಡಬೇಕು. ಬಟೂವಿನಲ್ಲಿ ನೀವು ಮಾಡಿದ್ದೆಲ್ಲ ನಿಮ್ಮ ಹೆಸರಿನ ಜತೆ ಉಳಿಯುತ್ತದೆ, ಅಲ್ಲಿನವರು ನಿಮ್ಮನ್ನು ಗುರುತಿಸುತ್ತಾರೆ ಎಂಬ ಮಾತು ಉದ್ಘಾಟನೆಗೆ ಮುನ್ನ ಕೇಳಿಬಂದಿತ್ತು. ತೆರೆದ ಮೇಲೆ ಆ ಆಟ ಬಹುಪಾಲು ಫೋನ್ ಆ್ಯಪ್‌ಗೆ ಸೀಮಿತವಾಯಿತು. ಮುಖ್ಯ ಆಕರ್ಷಣೆಯಾದ 'ರೈಸ್ ಆಫ್ ದ ರೆಸಿಸ್ಟೆನ್ಸ್' ರೈಡ್ ಕೂಡ ಆಗ ಸಿದ್ಧವಿರಲಿಲ್ಲ. ಅದು ಫ್ಲೋರಿಡಾದಲ್ಲಿ 2019ರ ಡಿಸೆಂಬರ್ 5ರಂದು, ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿ 17ರಂದು ಶುರುವಾಯಿತು. ಅಭಿಮಾನಿಗಳು ಒಕ್ಕೊರಲಿನಿಂದ ಎಂಬಷ್ಟು ಮೆಚ್ಚಿದ್ದು ಈ ರೈಡ್ ಅನ್ನೇ.

ಪ್ರಚಾರ ಹೆಚ್ಚಾದರೆ ಜನ ಹೆಚ್ಚುತ್ತಾರೆ ಎಂಬ ಲೆಕ್ಕವೂ ಆ ಬೇಸಿಗೆಯಲ್ಲಿ ತಲೆಕೆಳಗಾಯಿತು. ಮೊದಲ ಮೂರು ವಾರಕ್ಕೆ ಮುಂಗಡ ನೋಂದಣಿ ಕಡ್ಡಾಯವಾಗಿತ್ತು, ಒಳಗೆ ನಾಲ್ಕು ಗಂಟೆ ಮಾತ್ರ ಅವಕಾಶ. ವಿಪರೀತ ನೂಕುನುಗ್ಗಲು ಇರುತ್ತದೆಂದು ಹೆದರಿ ಎಷ್ಟೋ ಜನ ಹೋಗಲೇ ಇಲ್ಲ. ಸುತ್ತಲಿನ ಹೋಟೆಲ್ ದರಗಳೂ ಏರಿದ್ದವು. ಆ ತ್ರೈಮಾಸಿಕದಲ್ಲಿ ಅಮೆರಿಕದ ಡಿಸ್ನಿ ಪಾರ್ಕ್‌ಗಳಿಗೆ ಬಂದವರ ಸಂಖ್ಯೆ ಶೇ. 3ರಷ್ಟು ಇಳಿಯಿತು.

ಇದಕ್ಕಿಂತ ದುಬಾರಿ ಪಾಠ 'ಗ್ಯಾಲಾಕ್ಟಿಕ್ ಸ್ಟಾರ್‌ಕ್ರೂಸರ್' ಹೋಟೆಲ್‌ನದು. 2022ರ ಮಾರ್ಚ್ 1ರಂದು ಫ್ಲೋರಿಡಾದಲ್ಲಿ ತೆರೆದ ಇಲ್ಲಿ ಎರಡು ರಾತ್ರಿಗೆ ಇಬ್ಬರಿಗೆ ಸುಮಾರು 4,800 ಡಾಲರ್. ಕಲಾವಿದರ ನಟನೆಯನ್ನು ಹೋದವರು ಹೊಗಳಿದರು. ಆದರೆ ಆ ದರ ಕೊಡಬಲ್ಲವರು ಎಷ್ಟು ಜನ? 2023ರ ಸೆಪ್ಟೆಂಬರ್ ಕೊನೆಗೆ ಅದು ಮುಚ್ಚಿತು.

ಅಭಿಮಾನಿಗಳ ಲೆಕ್ಕ ತಪ್ಪಿದ್ದೂ ಉಂಟು

ಹಾಗಂತ ಪ್ರತಿ ಬಾರಿಯೂ ಅಭಿಮಾನಿಗಳೇ ಸರಿ ಎನ್ನುವಂತಿಲ್ಲ. 2009ರ 'ಅವತಾರ್' ಸಿನಿಮಾದ ಲ್ಯಾಂಡ್ ಕಟ್ಟುವುದಾಗಿ ಡಿಸ್ನಿ 2011ರಲ್ಲಿ ಹೇಳಿದಾಗ ಹಲವರು ಗೇಲಿ ಮಾಡಿದ್ದರು. ಆ ಸಿನಿಮಾದ ಪಾತ್ರಗಳ ಹೆಸರೇ ಯಾರಿಗೂ ನೆನಪಿಲ್ಲ, ಯಾರು ಬರುತ್ತಾರೆ ಎಂಬುದು ಅವರ ಪ್ರಶ್ನೆ. 2017ರ ಮೇ 27ರಂದು 'ಪಂಡೋರಾ' ತೆರೆದಾಗ ತೇಲುವ ಬೆಟ್ಟಗಳು, ರಾತ್ರಿ ಹೊಳೆಯುವ ಗಿಡಗಳನ್ನು ನೋಡಲು ಜನ ಮುಗಿಬಿದ್ದರು.

ಗಮನಿಸಿ, ಪಂಡೋರಾದಲ್ಲೂ ಸಿನಿಮಾದ ನಾಯಕ, ನಾಯಕಿ ಇರಲಿಲ್ಲ. ಅಲ್ಲಿನ ಕಥೆಯೂ ಸಿನಿಮಾದ ಕಾಲದ್ದಲ್ಲ. ಬಟೂವಿನಲ್ಲಿ ಕೊರತೆ ಎನಿಸಿದ್ದು ಇಲ್ಲಿ ಯಾರಿಗೂ ಕಾಡಲಿಲ್ಲ. ಕಾರಣ ಹುಡುಕುವುದು ಕಷ್ಟವಲ್ಲ. ಅವತಾರ್ ನೋಡಿದವರು ಮೆಚ್ಚಿದ್ದು ಆ ಕಾಡನ್ನು. ಸ್ಟಾರ್ ವಾರ್ಸ್ ನೋಡಿದವರು ಮನಸ್ಸಲ್ಲಿಟ್ಟುಕೊಂಡಿದ್ದು ಮನುಷ್ಯರನ್ನು ಮತ್ತು ಆ ಸಂಗೀತವನ್ನು. ವಿನ್ಯಾಸದ ಸೂತ್ರ ಹೆಚ್ಚುಕಡಿಮೆ ಒಂದೇ ಆದರೂ ಜನ ಕೊಂಡೊಯ್ದ ಆಸೆ ಬೇರೆ ಬೇರೆಯಾಗಿತ್ತು.

ನೆರಳಿಲ್ಲದ ಲೋಕ, ಬತ್ತಿದ ನದಿ

2025ರ ಮೇ 22ರಂದು ಒರ್ಲಾಂಡೋದಲ್ಲಿ ಯೂನಿವರ್ಸಲ್‌ನ 'ಎಪಿಕ್ ಯೂನಿವರ್ಸ್' ತೆರೆದಾಗ ಚರ್ಚೆ ಇನ್ನೊಂದು ತಿರುವು ಪಡೆಯಿತು. ಐದು ಲೋಕಗಳ ಈ ಪಾರ್ಕ್‌ನ ಅಂದವನ್ನು ಹೊಗಳದವರಿಲ್ಲ. ಆದರೆ ಫ್ಲೋರಿಡಾದ ಬಿಸಿಲಿಗೆ ನೆರಳು ಸಾಲದು ಎಂಬ ದೂರು ಮೊದಲ ದಿನಗಳಲ್ಲೇ ಬಂತು. ಹ್ಯಾರಿ ಪಾಟರ್‌ನ 'ಮಿನಿಸ್ಟ್ರಿ ಆಫ್ ಮ್ಯಾಜಿಕ್' ಲೋಕದಲ್ಲಿ ಇರುವುದು ಒಂದು ರೈಡ್, ಒಂದು ಸ್ಟೇಜ್ ಶೋ. ಉದಾಹರಣೆಗೆ, ಗಂಟೆಗೆ 1,500 ಜನರನ್ನು ಕೂರಿಸುವ ರೈಡ್ 12 ಗಂಟೆ ನಿಲ್ಲದೆ ಓಡಿದರೂ 18,000 ಜನರಿಗಷ್ಟೇ ಸಾಕು. ನಡುವೆ ಎರಡು ತಾಸು ಕೆಟ್ಟು ನಿಂತರೆ 3,000 ಜನರಿಗೆ ಅವಕಾಶ ತಪ್ಪುತ್ತದೆ. ಚೆಂದದ ಬೀದಿ ಆ ಸಾಲನ್ನು ಕರಗಿಸದು.

ಫ್ಲೋರಿಡಾದ ಡಿಸ್ನಿ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ನಡೆದದ್ದು ಇನ್ನೂ ಗಂಭೀರ. 1971ರಿಂದ ಇದ್ದ 'ರಿವರ್ಸ್ ಆಫ್ ಅಮೆರಿಕ' ಎಂಬ ಕೃತಕ ನದಿ, ಅದರ ನಡುವಿನ ಟಾಮ್ ಸಾಯರ್ ದ್ವೀಪ, ಹಬೆದೋಣಿ 2025ರ ಜುಲೈ 6ರಂದು ಕೊನೆಯ ಬಾರಿ ಜನರಿಗೆ ತೆರೆದಿದ್ದವು. ಅಲ್ಲಿ 'ಕಾರ್ಸ್' ಸಿನಿಮಾದ ರೈಡ್‌ಗಳು ಬರುತ್ತವೆ. ದೋಣಿಗಿಂತ ಹೊಸ ರೈಡ್ ಮಕ್ಕಳಿಗೆ ಇಷ್ಟ ಎಂಬುದು ಒಂದು ವಾದ. ನೀರು, ಮರ, ಕೂತು ಸುಧಾರಿಸಿಕೊಳ್ಳುವ ಜಾಗ ಹೋದರೆ ಪಾರ್ಕ್‌ಗೆ ಉಸಿರಾಡಲು ಜಾಗವೆಲ್ಲಿ ಎಂಬುದು ಇನ್ನೊಂದು ವಾದ.

ಜಗಳದಿಂದ ಉಪಯೋಗವಿದೆಯೇ?

ಬಟೂವಿನ ಬದಲಾವಣೆ ನೋಡಿದರೆ ಇದೆ ಎನ್ನಬೇಕು. ಅಲ್ಲಿ ಒಂದು ಗೋಡೆಯನ್ನೂ ಒಡೆಯದೆ ದೊಡ್ಡ ದೂರು ಸರಿಪಡಿಸಲು ಸಾಧ್ಯವಾಗುತ್ತಿದೆ. ಬೇಕಾಗಿದ್ದು ಕೆಲವು ವೇಷಧಾರಿಗಳು, ಸ್ಪೀಕರ್‌ನಲ್ಲಿ ಸಂಗೀತ, ಕಾಲದ ನಿಯಮದಲ್ಲಿ ಸಡಿಲಿಕೆ. ನೂರು ಕೋಟಿ ಡಾಲರ್ ಕಟ್ಟಡದ ಎದುರು ಇವು ಚಿಲ್ಲರೆ ಖರ್ಚು. ಜನ ಕೇಳುತ್ತಿದ್ದದ್ದೂ ಅವನ್ನೇ.

ಆದರೆ ಮುಚ್ಚಿದ ನದಿಗೆ ಇಂಥ ಅವಕಾಶವಿಲ್ಲ. ಎಪಿಕ್ ಯೂನಿವರ್ಸ್‌ನಲ್ಲಿ ಮರ ನೆಟ್ಟರೆ ನೆರಳು ಬರಲು ವರ್ಷಗಳು ಬೇಕು, ಹೊಸ ರೈಡ್ ಕಟ್ಟಲು ಇನ್ನೂ ಹೆಚ್ಚು. ಮ್ಯಾಜಿಕ್ ಕಿಂಗ್‌ಡಮ್‌ಗೆ ಖಳನಾಯಕರ 'ವಿಲನ್ಸ್ ಲ್ಯಾಂಡ್' ಕೂಡ ಬರಲಿದೆ ಎಂದು ಡಿಸ್ನಿ 2024ರ ಆಗಸ್ಟ್‌ನಲ್ಲಿ ಹೇಳಿದೆ, ಚಿತ್ರಗಳೂ ಹೊರಬಂದಿವೆ. ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋಗುವಾಗ ಒರ್ಲಾಂಡೋಗೂ ಒಂದು ಸುತ್ತು ಹಾಕಿ ಬರುವ ಯೋಜನೆಯಿದ್ದರೆ ಆ ಚಿತ್ರ ನೋಡಿ ಟಿಕೆಟ್ ತೆಗೆಯಬೇಡಿ. ತೆರೆದ ದಿನ ಎಷ್ಟು ರೈಡ್ ಓಡುತ್ತವೆ, ಕೂರಲು ನೆರಳಿದೆಯೇ, ಮಕ್ಕಳು ಕೇಳುವ ಪಾತ್ರ ಅಲ್ಲಿ ಸಿಗುತ್ತದೆಯೇ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಹೊರಟರೆ ಹಣವೂ ದಿನವೂ ದಂಡವಾಗದು.