ಹಾಗಲವಾಡಿಯ ನಾಯಕರು

ತೆಂಗಿನ ತೋಟಗಳ ನಡುವೆ ನೆಲೆಗೊಂಡಿರುವ ಚಿಕ್ಕನಾಯಕನಹಳ್ಳಿಯು ಹೆಸರಿಗೆ ಮಾತ್ರ ಹಳ್ಳಿ. ಬಹುಕಾಲದಿಂದ ಅದು ಪಟ್ಟಣವೇ ಆಗಿದೆ. ಆ ಹೆಸರಿನಲ್ಲಿರುವ ಚಿಕ್ಕನಾಯಕನು ಹಾಗಲವಾಡಿಯ ಪಾಳೆಯಗಾರರ ಮನೆತನದವನು. ಪೋಲೆಂಡ್ ದೇಶದ ಪೊತೊತ್ಸ್ಕಿ ಎಂಬ ಶ್ರೀಮಂತ ಮನೆತನಕ್ಕೆ ಪೊತೊಕ್ ಎಂಬ ಊರಿನಿಂದ ಹೆಸರು ಬಂದಿತು. ಇಲ್ಲಿಯಾದರೋ ನಾಯಕನೇ ಊರಿಗೆ ಹೆಸರನ್ನಿತ್ತನು.

ಇಂದು ಗುಬ್ಬಿ ತಾಲ್ಲೂಕಿಗೆ ಸೇರಿರುವ ಹಾಗಲವಾಡಿಯಲ್ಲಿ ಈ ಮನೆತನದ ಆಳ್ವಿಕೆಯನ್ನು 15ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಥಾಪಿಸಿದವನು ಎರಿಮಾದ ನಾಯಕ. ಪಾಳೆಯಗಾರನೆಂದರೆ ಕೇವಲ ಜಮೀನುದಾರನಲ್ಲ. ಅವನು ಕೋಟೆಯನ್ನು ಕಾಯಬೇಕು, ಕಂದಾಯವನ್ನೆತ್ತಬೇಕು, ಸಾರ್ವಭೌಮನಿಗೆ ಕಪ್ಪ ಸಲ್ಲಿಸಬೇಕು, ಕರೆ ಬಂದಾಗ ದಂಡಿನೊಡನೆ ಹೊರಡಬೇಕು. ಸಾರ್ವಭೌಮನು ಒಬ್ಬನೇ ಆಗಿರುವವರೆಗೆ ಈ ಬಾಳು ಹೇಗೋ ಸಾಗುತ್ತದೆ. 1565ರಲ್ಲಿ ವಿಜಯನಗರಕ್ಕೆ ಸೋಲಾದ ಮೇಲೆ ಅಂತಹ ಒಡೆಯನೊಬ್ಬನು ಉಳಿಯಲಿಲ್ಲ. 1638ರ ವೇಳೆಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಈ ಸೀಮೆಗೆ ದಂಡೆತ್ತಿ ಬಂದನು. 1687ರಲ್ಲಿ ಮೊಗಲರು ಶಿರಾದಲ್ಲಿ ನೆಲೆಯೂರಿದರು. ಇತ್ತ ದಕ್ಷಿಣದಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರು ಮುಂದೊತ್ತಿ ಬರಲು, ಚಿಕ್ಕನಾಯಕನಹಳ್ಳಿಯು ಮೈಸೂರಿನ ಪಾಲಾಯಿತು. ಒಬ್ಬರಿಗೆ ಕಪ್ಪವೊಪ್ಪಿಸಿದರೆ ಮತ್ತೊಬ್ಬರ ಮುನಿಸನ್ನು ಎದುರಿಸಬೇಕಾದಂತಹ ಕಾಲವದು. ಆದರೂ ಹಾಗಲವಾಡಿಯ ನಾಯಕರು ತಮ್ಮ ಮೂಲನೆಲೆಯನ್ನು ಬಿಟ್ಟುಕೊಡದೆ ಇನ್ನೂ ಕೆಲವು ತಲೆಮಾರು ಆಳಿದರು. ಸಣ್ಣ ಮನೆತನವೊಂದಕ್ಕೆ ಇದೇನು ಅಲ್ಪ ಸಾಹಸವಲ್ಲ. ಕಡೆಗೆ 18ನೆಯ ಶತಮಾನದಲ್ಲಿ ಹೈದರಾಲಿಯು ಆ ನಾಡನ್ನು ಮೈಸೂರಿಗೆ ಸೇರಿಸಿಕೊಂಡನು.