ಸ್ಟೇಷನ್ ಇಲ್ಲದ ಜಾಗದಲ್ಲಿ

ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್ ಕಟ್ಟಲು ದೊಡ್ಡ ವಿದ್ಯೆಯೇನೂ ಬೇಡ. ಒಂದು ಟ್ರಾನ್ಸಿಸ್ಟರ್, ನಾಲ್ಕೈದು ಸುತ್ತಿನ ತಾಮ್ರದ ಕಾಯಿಲ್, ಒಂದು ಟ್ರಿಮ್ಮರ್, ಕಂಡೆನ್ಸರ್ ಮೈಕು, 9 ವೋಲ್ಟಿನ ಬ್ಯಾಟರಿ. ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಸಾಮಾನೇ. ಫಜೀತಿ ಇರುವುದು ಟ್ಯೂನ್ ಮಾಡುವುದರಲ್ಲಿ.

ದೀಪಾಂಜಲಿ ನಗರದಲ್ಲಿ ಕೂತು ಡಯಲ್ ತಿರುಗಿಸಿದರೆ 91ರಿಂದ 104ರವರೆಗೂ ಸ್ಟೇಷನ್‌ಗಳ ಸಂತೆ. 100.1ರಲ್ಲಿ ಅಮೃತವರ್ಷಿಣಿ, 101.3ರಲ್ಲಿ ರೇನ್‌ಬೋ, 102.9ರಲ್ಲಿ ವಿವಿಧಭಾರತಿ. ಇವುಗಳ ಮಧ್ಯೆ ಬರೀ ಸುಯ್ಯೆನ್ನುವ ಜಾಗ ಹುಡುಕಿ ರೇಡಿಯೊ ಅಲ್ಲಿ ನಿಲ್ಲಿಸಬೇಕು. ಆಮೇಲೆ ಕಾಯಿಲಿನ ಸುತ್ತುಗಳನ್ನು ಕೂದಲೆಳೆಯಷ್ಟು ಬಿಡಿಸಿದರೆ ಫ್ರೀಕ್ವೆನ್ಸಿ ಏರುತ್ತದೆ, ಒತ್ತಿದರೆ ಇಳಿಯುತ್ತದೆ. ಸುಯ್ ಸದ್ದು ತಟ್ಟನೆ ನಿಂತರೆ ಸಿಕ್ಕಿತು ಅಂತ. ಕೈ ತೆಗೆದಿರೋ, ಹೋಯಿತು! ಹತ್ತಿರ ಬಂದ ಬೆರಳೂ ಸರ್ಕಿಟ್ಟಿಗೆ ಕೆಪಾಸಿಟೆನ್ಸ್ ಸೇರಿಸುತ್ತದೆ. ಟ್ರಿಮ್ಮರಿಗೆ ಪ್ಲಾಸ್ಟಿಕ್ ಸ್ಕ್ರೂಡ್ರೈವರೇ ಬೇಕು ಅನ್ನುವುದು ಇದಕ್ಕೇ.

ಎಂಜಿನಿಯರಿಗೆ ತಲೆನೋವಾದ ಇದೇ ಗುಣ ಧ್ವನಿ ಕಲಾವಿದರಿಗೆ ಬಂಡವಾಳ. ಜಪಾನಿನ ತೆತ್ಸುವೊ ಕೊಗಾವಾ ಟ್ರಾನ್ಸ್‌ಮಿಟರಿನ ಮೇಲೆ ಕೈಯಾಡಿಸಿಯೇ ಕಛೇರಿ ನಡೆಸಿದವರು. ಅಮೆರಿಕದ ಮ್ಯಾಕ್ಸ್ ನ್ಯೂಹಾಸ್ 1967ರಲ್ಲಿ ಬಫೆಲೊ ನಗರದ ರಸ್ತೆಯೊಂದರ ಮರಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿದರು. ಕಾರು ಎತ್ತಲಿಂದ, ಎಷ್ಟು ವೇಗದಲ್ಲಿ ಬಂತು ಅನ್ನುವುದರ ಮೇಲೆ ಅದರ ರೇಡಿಯೊದಲ್ಲಿ ಕೇಳುವ ಸದ್ದು ಬದಲಾಗುತ್ತಿತ್ತು.

ಇದೆಲ್ಲ ಹೊರಗಿನವರ ಶೋಕಿ ಎಂದು ಮೂಗು ಮುರಿಯುವಂತಿಲ್ಲ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವ್ಯಾಟಿನ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಶುರು ಮಾಡಿದವರು ಎಂ.ವಿ. ಗೋಪಾಲಸ್ವಾಮಿ. ಅವರು ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು, ಎಂಜಿನಿಯರ್ ಅಲ್ಲ. ‘ಆಕಾಶವಾಣಿ’ ಎಂದು ಹೆಸರಾದದ್ದು ಆ ಮನೆಯ ಪ್ರಸಾರ. ಕನ್ನಡದಲ್ಲಿ ರೇಡಿಯೊ ಕಲೆ ಎಂದು ಯಾರಾದರೂ ಪ್ರದರ್ಶನ ಮಾಡುವುದಾದರೆ ಮೊದಲ ನಮಸ್ಕಾರ ಅಲ್ಲಿಗೇ ಸಲ್ಲಬೇಕು ಎನ್ನುವುದು ನನ್ನ ಅಭಿಪ್ರಾಯ.

ಈಗ ಪರವಾನಗಿ ಇಲ್ಲದೆ ಪ್ರಸಾರ ಮಾಡುವ ಹಾಗಿಲ್ಲ. ಬಿಹಾರದ ಹಳ್ಳಿಯೊಂದರಲ್ಲಿ ಜನ ಮೆಚ್ಚಿದ್ದ ‘ರಾಘವ್ ಎಫ್‌ಎಂ’ 2006ರಲ್ಲಿ ಬಾಗಿಲು ಹಾಕಿದ್ದು ಇದೇ ಕಾರಣಕ್ಕೆ. ನಿಯಮ ವಿಚಾರಿಸಿಕೊಂಡು, ಸಿಗ್ನಲ್ ಕೋಣೆ ದಾಟದಂತೆ ನೋಡಿಕೊಂಡೇ ಕೈ ಹಾಕಬೇಕು. ಕಲೆಗೆ ಒಂದು ಕೋಣೆ ಸಾಲದೆ?

ಧಾರಾಳವಾಗಿ ಸಾಕು. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಸಿಗ್ನಲ್ ಬಂದರೆ ಎಫ್‌ಎಂ ರೇಡಿಯೊ ಜೋರಾದದ್ದನ್ನಷ್ಟೇ ಹಿಡಿಯುತ್ತದೆ. ಕೋಣೆಯ ಒಂದು ಮೂಲೆಯ ಟ್ರಾನ್ಸ್‌ಮಿಟರಿಗೆ ಮೈಸೂರು ರಸ್ತೆಯ ಬಸ್ಸಿನ ಸದ್ದು, ಇನ್ನೊಂದಕ್ಕೆ ಅಡುಗೆಮನೆಯ ಒಗ್ಗರಣೆ ಕೊಟ್ಟರೆ, ರೇಡಿಯೊ ಹಿಡಿದು ನಡೆಯುವವರು ಎಲ್ಲೋ ಅರ್ಧದಾರಿಯಲ್ಲಿ ಬಸ್ಸಿನಿಂದ ಬಾಣಲೆಗೆ ಜಿಗಿಯುತ್ತಾರೆ. ನೋಡಲು ಬಂದವರಿಗೆ ಮಾತ್ರ ಮೊಬೈಲ್ ರೇಡಿಯೊ ಬೇಡ. ಅದು ಮೆಟ್ಟಿಲು ಮೆಟ್ಟಿಲಾಗಿ ಟ್ಯೂನ್ ಆಗುತ್ತದೆ. ಬಿಸಿಯಾದಂತೆಲ್ಲ ಜಾರುವ ಮನೆ ಟ್ರಾನ್ಸ್‌ಮಿಟರನ್ನು ಹಿಂಬಾಲಿಸಲು ತಿರುಗಿಸುವ ಡಯಲ್ಲೇ ಆಗಬೇಕು.