ಸವೆದ ಆನೆಕಾಸುಗಳಲ್ಲಿ ಟಂಕಸಾಲೆಯ ನಿರ್ಣಯ

ಟೀಪೂ ಸುಲ್ತಾನನ ಆಳ್ವಿಕೆಯಲ್ಲಿ (1782–1799) ಅಚ್ಚಾದ ತಾಮ್ರದ ನಾಣ್ಯಗಳ ಒಂದು ಮುಖದಲ್ಲಿ ಆನೆಯೂ ಮತ್ತೊಂದು ಮುಖದಲ್ಲಿ ಪಾರಸೀ ಲಿಪಿಯ ಟಂಕಸಾಲೆಯ ಹೆಸರೂ ಕಂಡುಬರುತ್ತವೆ. ಬಹುಕಾಲ ಚಲಾವಣೆಯಲ್ಲಿದ್ದ ನಾಣ್ಯದಲ್ಲಿ ಆನೆಯ ಮೈ ಹೇಗೋ ಉಳಿಯುತ್ತದೆ, ಸಣ್ಣ ಅಕ್ಷರಗಳು ಮಾಸುತ್ತವೆ. ಅಂಥವನ್ನೆಲ್ಲ ರಾಜಧಾನಿಯಾದ ಶ್ರೀರಂಗಪಟ್ಟಣದ ಲೆಕ್ಕಕ್ಕೆ ಸೇರಿಸಿಬಿಡುವುದು ಸುಲಭ. ಹಾಗೆ ಮಾಡಿದಾಗ ಇತರ ಟಂಕಸಾಲೆಗಳ ನಾಣ್ಯಗಳು ಪಟ್ಟಿಯಿಂದಲೇ ಮರೆಯಾಗುತ್ತವೆ. ಆ ಪಟ್ಟಿಯನ್ನು ನಂಬಿದ ಮುಂದಿನವರೂ ದಾರಿತಪ್ಪುತ್ತಾರೆ.

ಅಕ್ಷರ ಕಾಣದಿರುವುದಕ್ಕೆ ಕಾರಣ ಒಂದೇ ಅಲ್ಲ. ಅದು ಅಚ್ಚಿನಲ್ಲಿಯೇ ಇಲ್ಲದಿರಬಹುದು. ಅಚ್ಚಿನಲ್ಲಿದ್ದೂ ಬಿಲ್ಲೆಯ ಹೊರಗೆ ಬಿದ್ದಿರಬಹುದು. ಬಿಲ್ಲೆಯ ಮೇಲೆ ಮೂಡಿ ಅನಂತರ ಸವೆದಿರಬಹುದು. ಅಂಚಿನ ಗೆರೆ ಮತ್ತು ಚುಕ್ಕೆಗಳ ಸಾಲು ಒಂದು ಪಾರ್ಶ್ವದಲ್ಲಿ ಒಳಕ್ಕೆ ಸರಿದಿದ್ದರೆ ಪೆಟ್ಟು ಓರೆಯಾಗಿ ಬಿದ್ದಿದೆಯೆಂದು ತಿಳಿಯಬೇಕು. ಎದುರು ಪಾರ್ಶ್ವದ ಅಕ್ಷರಗಳನ್ನು ಆಗ ಹುಡುಕಿ ಫಲವಿಲ್ಲ. ಈ ವಿವೇಚನೆಗೆ ಮೊದಲೇ ಹೆಸರನ್ನು ಊಹಿಸುವುದು ಓಲೆಯ ಅಂಚು ಮುರಿದಿರುವುದನ್ನು ನೋಡದೆ ಪಾಠವನ್ನು ತುಂಬಿದಂತೆ.

ಸವೆತದಲ್ಲಿ ಮೊದಲು ಹೋಗುವುದು ನುಕ್ತೆಗಳು, ಎಂದರೆ ಅಕ್ಷರದ ಮೇಲೆ ಕೆಳಗೆ ಇಡುವ ಚುಕ್ಕೆಗಳು. ಆದ್ದರಿಂದ ಅಕ್ಷರಗಳ ಒಡಲನ್ನೇ ಓದಬೇಕಾಗುತ್ತದೆ. ಶ್ರೀರಂಗಪಟ್ಟಣವನ್ನು ಸೂಚಿಸುವ ‘ಪಟನ್’, ಬಿದನೂರನ್ನು ಸೂಚಿಸುವ ‘ನಗರ್’ ಎರಡೂ ಮೂರು ಮೂರು ಅಕ್ಷರದ ಹೆಸರುಗಳು. ನುಕ್ತೆ ಹೋದ ಮೇಲೆ ‘ಪಟನ್’ ಎರಡು ಮೊನೆಗಳಾಗಿ, ಕೊನೆಗೆ ನೂನ್ ಅಕ್ಷರದ ಆಳವಾದ ಬಟ್ಟಲಾಗಿ ಉಳಿಯುತ್ತದೆ. ‘ನಗರ್’ ಎಂಬುದರಲ್ಲಿ ಮೊನೆ ಒಂದೇ. ನಡುವೆ ಗಾಫ್ ಅಕ್ಷರದ ಓರೆಗೆರೆ ಮೇಲಕ್ಕೆ ಚಾಚಿರುತ್ತದೆ. ಆ ಗೆರೆಯ ತುದಿ ಮಾತ್ರ ಉಳಿದಿದ್ದರೂ ನಿರ್ಣಯಕ್ಕೆ ಸಾಕು.

ಉದ್ದವಾದ ಹೆಸರುಗಳು ಹೆಚ್ಚು ಮೋಸಮಾಡುತ್ತವೆ. ಚಿತ್ರದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್, ಗುತ್ತಿಗೆ ಫೈಜ್ ಹಿಸಾರ್, ಕಲ್ಲಿಕೋಟೆಯ ಬಳಿಯ ಫೆರೋಕಿಗೆ ಫರ್ರುಖಿ ಎಂಬ ಹೆಸರುಗಳಿದ್ದವು. ‘ಹಿಸಾರ್’ ಮಾತ್ರ ಉಳಿದಿದ್ದರೆ ಅದು ಚಿತ್ರದುರ್ಗವೂ ಆಗಬಹುದು, ಗುತ್ತಿಯೂ ಆಗಬಹುದು. ‘ಫರ್ರುಖ್’ ಮಾತ್ರ ಉಳಿದಿದ್ದರೆ ಚಿತ್ರದುರ್ಗ ಅಥವಾ ಫೆರೋಕ್. ಇಂಥಲ್ಲಿ ಎರಡು ಹೆಸರುಗಳನ್ನೂ ಬರೆದಿಡುವುದೇ ಪ್ರಾಮಾಣಿಕತೆ. ಆನೆ ಎಡಕ್ಕೆ ನಿಂತಿದೆಯೋ ಬಲಕ್ಕೋ ಎಂಬುದು ಪ್ರಭೇದವನ್ನು ಗುರುತಿಸಲು ಉಪಯುಕ್ತ; ಅದೊಂದರಿಂದಲೇ ಊರು ತಿಳಿಯದು.

ವರ್ಷದ ಅಂಕಿಗಳಲ್ಲಿ ಇನ್ನೊಂದು ತೊಡಕಿದೆ. ಟೀಪೂವಿನ ಮೊದಲ ನಾಣ್ಯಗಳಲ್ಲಿ ಹಿಜರಿ ವರ್ಷವನ್ನು ವಾಡಿಕೆಯಂತೆ ಎಡದಿಂದ ಬಲಕ್ಕೆ ಬರೆಯಲಾಗಿದೆ. 1787ರ ಸುಮಾರಿಗೆ ಮೌಲೂದಿ ಶಕೆ 1215 ಆರಂಭವಾದ ಮೇಲೆ ಅಂಕಿಗಳು ಬಲದಿಂದ ಎಡಕ್ಕೆ ತಿರುಗಿದವು; 1215 ಎಂಬುದು 5121 ಎಂದು ಕಾಣುತ್ತದೆ. 1221 ಮಾತ್ರ ಎರಡು ಕಡೆಯಿಂದಲೂ ಒಂದೇ! ಎಡಗಡೆಯ 12 ಎಂಬೆರಡು ಅಂಕಿಗಳಷ್ಟೇ ಉಳಿದ ನಾಣ್ಯವು ಹಿಜರಿ 1200 ಅಥವಾ 1201ರದಾಗಿರಬಹುದು, ಮೌಲೂದಿ 1221ರದೂ ಆಗಿರಬಹುದು. ಇವುಗಳ ನಡುವೆ ಆರೇಳು ವರ್ಷಗಳ ಅಂತರವಿದೆ.

ಪರೀಕ್ಷೆಗೆ ಒಂದು ಪಕ್ಕದಿಂದ ತಗ್ಗಾಗಿ ಬೀಳುವ ಬೆಳಕು ಉತ್ತಮ. ನಾಣ್ಯವನ್ನು ಮೆಲ್ಲಗೆ ತಿರುಗಿಸುತ್ತ ನೋಡಿದರೆ ಅಕ್ಷರದ ಉಬ್ಬು ನೆರಳಿನಿಂದ ಗೋಚರಿಸುತ್ತದೆ. ಪಾತ್ರೆ ಬೆಳಗುವಂತೆ ಹುಣಸೆಹಣ್ಣಿನಿಂದ ಉಜ್ಜುವ ಪದ್ಧತಿಯನ್ನು ಮಾತ್ರ ಖಂಡಿತ ಬಿಡಬೇಕು; ಹುಳಿಯು ಕಿಲುಬಿನೊಡನೆ ಉಳಿದಿದ್ದ ಅಲ್ಪ ಉಬ್ಬನ್ನೂ ತಿನ್ನುತ್ತದೆ. ಹೋಲಿಕೆಗೆ 1921ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಹೆಂಡರ್ಸನ್ನರ ಗ್ರಂಥವಿದೆ. ಫಲಿತಾಂಶವನ್ನು ದಾಖಲಿಸುವಾಗ ಕಂಡ ಅಕ್ಷರಗಳನ್ನು ಹಾಗೆಯೇ, ಊಹಿಸಿದವನ್ನು ಕಂಸದೊಳಗೆ, ಬಿಲ್ಲೆಯ ಹೊರಗೆ ಬಿದ್ದವನ್ನು ಪ್ರತ್ಯೇಕ ಚಿಹ್ನೆಯಿಂದ ತೋರಿಸಬೇಕು.